ಹಿತ್ತಿಲ ಕೋಳಿಗಳ ಕಲಹ

ದೇವನಹಳ್ಳಿಯ ಹಿತ್ತಿಲೊಂದರಲ್ಲಿ ನಾಲ್ಕು ನಾಟಿ ಹೇಂಟೆಗಳು ನೆಮ್ಮದಿಯಾಗಿರುವಾಗ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೇಂಟೆಯೊಂದನ್ನು ತಂದು ಬಿಟ್ಟರೆ ಒಡನೆಯೇ ಕದನ ಆರಂಭವಾಗುತ್ತದೆ. ಇದು ದುಷ್ಟತನವಲ್ಲ. ಕೋಳಿಗಳಲ್ಲಿ ಮೇಲು ಕೀಳಿನ ಸಾಲೊಂದಿದ್ದು, ಮೇಲಿನದು ಕೆಳಗಿನದನ್ನು ಕುಕ್ಕುತ್ತದೆಂದು ನಾರ್ವೆಯ ವಿಜ್ಞಾನಿ ಷೆಲ್ಡರುಪ್-ಎಬ್ಬೆ 1922ರಲ್ಲಿ ವಿವರಿಸಿದರು. ಹೊಸತು ಬಂದೊಡನೆ ಆ ಸಾಲು ಕದಡುತ್ತದೆ.

ಆದುದರಿಂದ ಹೊಸ ಹೇಂಟೆಯನ್ನು ಮೊದಲು ಕೆಲವು ವಾರ ದೂರವಿರಿಸಿ, ರೋಗವಿಲ್ಲವೆಂದು ತಿಳಿದ ಬಳಿಕ ಒಂದು ವಾರ ತಂತಿಬಲೆಯ ಆಚೆ, ಹಳೆಯವುಗಳ ಕಣ್ಣೆದುರಿನಲ್ಲಿ ಇಡಬೇಕು. ಒಂಟಿಯಾಗಿ ಬಿಡುವುದಕ್ಕಿಂತ ಜೊತೆಯೊಂದಿಗೆ ಬಿಡುವುದು ಲೇಸು. ಕಾಳನ್ನೂ ನೀರನ್ನೂ ಎರಡು ಮೂರು ಕಡೆ ಇಟ್ಟರೆ ಸಾಲಿನ ಕೊನೆಯದೂ ಹಸಿದಿರದು. ಸಣ್ಣಪುಟ್ಟ ಕುಕ್ಕಾಟವನ್ನು ಬಿಡಿಸಹೋಗಬಾರದು. ಸಾಲು ನಿಶ್ಚಯವಾದರೆ ಅದು ತಾನಾಗಿ ಅಡಗುತ್ತದೆ.

ನೆತ್ತರು ಕಂಡರೆ ಮಾತ್ರ ತಡಮಾಡಲಾಗದು. ನೆತ್ತರಿನ ಬಣ್ಣಕ್ಕೆ ಸೆಳೆಯಲ್ಪಟ್ಟು ಉಳಿದವು ಗಾಯಗೊಂಡುದನ್ನು ಸಾಯುವವರೆಗೂ ಕುಕ್ಕಬಲ್ಲವು. ಅದನ್ನು ಕೂಡಲೇ ಬೇರ್ಪಡಿಸಿ, ಗಾಯ ಮಾಗಿದ ಮೇಲೆಯೇ ಮರಳಿ ಬಿಡಬೇಕು.

ಕಾಟ ಕೊಡುವುದು ಒಂದೇ ಆಗಿದ್ದರೆ, ಅದನ್ನೇ ನಾಲ್ಕಾರು ದಿನ ಬೇರೆಡೆ ಕೂಡಿಹಾಕಿ ನೋಡಬೇಕು. ಅಷ್ಟರಲ್ಲಿ ಉಳಿದವು ತಮ್ಮ ಸಾಲನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ; ಹಿಂದಿರುಗಿದ ಜಗಳಗಂಟಿ ಈಗ ತಾನೇ ಹೊಸತಾಗಿ, ಬಹುಮಟ್ಟಿಗೆ ತಗ್ಗಿ ನಡೆಯುತ್ತದೆ.