ಎರಡು ಡಿಗ್ರಿಯ ತಪ್ಪು

ಮನೆವಾರ್ತೆಯ ಕೆಲಸವನ್ನು ಹೊಗಳುವವರು ವಿರಳ. ರಾತ್ರಿ ಬಾಗಿಲ ಅಗುಳಿಯನ್ನು ಮುಟ್ಟಿ ನೋಡುವುದು, ಒಲೆ ಆರಿದೆಯೇ ಎಂದು ಪರೀಕ್ಷಿಸುವುದು, ತಿಂಗಳ ಕೊನೆಗೆ ಜಮಾಖರ್ಚು ಬರೆಯುವುದು, ಇವೆಲ್ಲ ನಡೆದುಕೊಂಡು ಹೋಗುವಷ್ಟು ಕಾಲ ಯಾರ ಕಣ್ಣಿಗೂ ಬೀಳವು. ಒಂದು ದಿನ ತಪ್ಪಿತೋ, ಆಗ ಅವುಗಳ ಬೆಲೆ ತಿಳಿಯುತ್ತದೆ. ಗ್ರಹಗಳ ಆಚೆಗೆ ಸಾಗುವ ಯಂತ್ರನೌಕೆಯ ಬಾಳಿಗೂ ಈ ಮಾತು ಸಲ್ಲುತ್ತದೆ.

ಅಮೆರಿಕದ ‘ವಾಯೇಜರ್-೨’ ನೌಕೆ ೧೯೭೭ರ ಆಗಸ್ಟ್ ೨೦ರಂದು ಭೂಮಿಯನ್ನು ಬಿಟ್ಟಿತು. ೧೯೭೯ರಲ್ಲಿ ಗುರು, ೧೯೮೧ರಲ್ಲಿ ಶನಿ, ೧೯೮೬ರಲ್ಲಿ ಯುರೇನಸ್, ೧೯೮೯ರಲ್ಲಿ ನೆಪ್ಚೂನ್ ಹೀಗೆ ನಾಲ್ಕು ಗ್ರಹಗಳನ್ನು ಸಂದರ್ಶಿಸಿತು. ಅದು ಕಳುಹಿಸಿದ ಚಿತ್ರಗಳನ್ನು ಕಂಡು ಲೋಕ ಬೆರಗಾಯಿತು. ನೆಪ್ಚೂನನ್ನು ದಾಟಿದ ಮೇಲೆ ಕ್ಯಾಮೆರಾಗಳನ್ನು ಆರಿಸಿದರು. ಲೋಕದ ಕುತೂಹಲವೂ ತಗ್ಗಿತು. ಉಳಿದುದು ದಿನಚರಿ ಮಾತ್ರ.

ಆ ದಿನಚರಿಯಾದರೂ ಏನು? ನೌಕೆ ತಾನು ಅಳೆದುದನ್ನು ರೇಡಿಯೋ ಅಲೆಗಳ ಮೂಲಕ ಒಪ್ಪಿಸಬೇಕು. ಅದರ ಬಟ್ಟಲಿನಂಥ ಆಂಟೆನಾ ಸದಾ ಭೂಮಿಯತ್ತಲೇ ಮುಖ ಮಾಡಿರಬೇಕು. ಅದಕ್ಕಾಗಿ ವರ್ಷಕ್ಕೆ ಹಲವು ಬಾರಿ ನೌಕೆ ತಾನಾಗಿಯೇ ದಿಕ್ಕನ್ನು ತಿದ್ದಿಕೊಳ್ಳುವಂತೆ ಮೊದಲೇ ಏರ್ಪಾಟಾಗಿದೆ. ಪ್ಲುಟೋನಿಯಮ್ಮಿನ ಶಾಖದಿಂದ ದೊರೆಯುವ ವಿದ್ಯುತ್ತು ವರ್ಷಕ್ಕೆ ಸುಮಾರು ೪ ವಾಟ್‌ನಂತೆ ಕುಗ್ಗುತ್ತಿರುವುದರಿಂದ, ವರಮಾನ ಇಳಿದ ಸಂಸಾರದಲ್ಲಿ ಖರ್ಚನ್ನು ಕತ್ತರಿಸುವಂತೆ, ಒಂದೊಂದೇ ಉಪಕರಣವನ್ನು ನಿಲ್ಲಿಸಬೇಕು. ೨೦೨೪ರಲ್ಲಿ ಒಂದು, ೨೦೨೫ರ ಮಾರ್ಚಿಯಲ್ಲಿ ಇನ್ನೊಂದು ಹೀಗೆ ನಿಂತವು. ಇವೆಲ್ಲಕ್ಕೂ ಆಜ್ಞೆಗಳನ್ನು ಸಿದ್ಧಪಡಿಸುವವರು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು.

೨೦೨೩ರ ಜುಲೈ ೨೧ರಂದು ಅಂಥ ಆಜ್ಞೆಗಳ ಸರಣಿಯೊಂದರಲ್ಲಿ ತಪ್ಪು ನುಸುಳಿತು. ಆಂಟೆನಾದ ಮುಖ ಭೂಮಿಯಿಂದ ೨ ಡಿಗ್ರಿಯಷ್ಟು ಅತ್ತ ಹೊರಳಿತು. ಕೈ ಚಾಚಿ ಹೆಬ್ಬೆರಳನ್ನೆತ್ತಿದರೆ ಅದರ ಅಗಲವೇ ಸುಮಾರು ೨ ಡಿಗ್ರಿ. ಆದರೆ ನೌಕೆ ಆಗ ಇದ್ದುದು ಸುಮಾರು ೧,೯೯೦ ಕೋಟಿ ಕಿಲೋಮೀಟರು ದೂರದಲ್ಲಿ. ಅಷ್ಟು ದೂರದಿಂದ ೨ ಡಿಗ್ರಿ ತಪ್ಪಿದರೆ ಗುರಿ ತಪ್ಪುವುದು ಸುಮಾರು ೬೯ ಕೋಟಿ ಕಿಲೋಮೀಟರು. ಭೂಮಿಗೂ ಸೂರ್ಯನಿಗೂ ಇರುವ ಅಂತರದ ನಾಲ್ಕೂವರೆ ಪಟ್ಟು! ನೌಕೆಯ ಮಾತು ಇಲ್ಲಿಗೆ ಕೇಳದಾಯಿತು. ಇಲ್ಲಿನ ಮಾತು ಅದಕ್ಕೆ ಮುಟ್ಟದಾಯಿತು. ನಲವತ್ತಾರು ವರ್ಷಗಳ ನಂಟು ತಾವೇ ಕಳುಹಿಸಿದ ಆಜ್ಞೆಯಿಂದ ಕಡಿದುಹೋಯಿತಲ್ಲ ಎಂಬ ಸಂಕಟ ಆ ಕೆಲಸಗಾರರಿಗೆ ಸಣ್ಣದಾಗಿರಲಾರದು.

ಆಗಸ್ಟ್ ೧ರ ಹೊತ್ತಿಗೆ ಹಲವು ಆಂಟೆನಾಗಳನ್ನು ಒಟ್ಟುಗೂಡಿಸಿ ಆಲಿಸಿದಾಗ ಕ್ಷೀಣವಾದ ಮಿಡಿತವೊಂದು ಸಿಕ್ಕಿತು. ಮಾತು ತಿಳಿಯದಿದ್ದರೂ ಜೀವವಿದೆಯೆಂಬುದು ಖಚಿತವಾಯಿತು. ಅಕ್ಟೋಬರ್ ೧೫ರಂದು ನೌಕೆ ತಾನಾಗಿ ದಿಕ್ಕು ತಿದ್ದಿಕೊಳ್ಳುವ ದಿನವೆಂದು ಮೊದಲೇ ನಿಗದಿಯಾಗಿತ್ತು. ಅಲ್ಲಿಯವರೆಗೆ ಕಾಯಬಹುದಿತ್ತು. ಆದರೂ ಒಂದು ಪ್ರಯತ್ನ ಮಾಡಿ ನೋಡೋಣವೆಂದು, ಆಸ್ಟ್ರೇಲಿಯದ ಕ್ಯಾನ್‌ಬೆರಾ ಬಳಿಯ ನಿಲಯದಿಂದ ಪ್ರಬಲವಾದ ರೇಡಿಯೋ ‘ಕೂಗು’ ಹಾಕಿದರು. ಬೆಳಕಿನ ವೇಗದಲ್ಲಿ ಹೋದರೂ ಅದು ನೌಕೆಯನ್ನು ಮುಟ್ಟಲು ಹದಿನೆಂಟೂವರೆ ಗಂಟೆ. ಉತ್ತರ ಬರಲು ಮತ್ತೆ ಅಷ್ಟೇ. ೩೭ ಗಂಟೆಗಳ ಕಾಲ ಕಾದು ಕುಳಿತುದಲ್ಲದೆ ಮಾಡುವುದೇನೂ ಇರಲಿಲ್ಲ. ಆಗಸ್ಟ್ ೪ರಂದು ನೌಕೆ ಮುಖ ತಿರುಗಿಸಿ ಮರುಮಾತಾಡಿತು.

ಕೂಗಿನ ಕಥೆಯನ್ನು ಜಗತ್ತಿನ ಪತ್ರಿಕೆಗಳು ವರ್ಣಿಸಿದುದು ಸಹಜವೇ. ಆದರೆ ಕೂಗು ವ್ಯರ್ಥವಾಗಿದ್ದರೂ ಅಕ್ಟೋಬರ್ ೧೫ ಬರುತ್ತಿತ್ತು ಎಂಬುದನ್ನು ಮರೆಯಬಾರದು. ಮನುಷ್ಯನ ಕೈ ಎಂದಾದರೊಮ್ಮೆ ತಪ್ಪೀತೆಂದು ಮುಂಗಂಡವರು ಆ ಬಾಗಿಲಿಗೆ ಇನ್ನೊಂದು ಅಗುಳಿಯನ್ನು ಇರಿಸಿಯೇ ಇದ್ದರು.