ಮಂಗ ಸಾಯುವ ಮೊದಲೇ ಕೊಟ್ಟಿಗೆಗೆ ಬನ್ನಿ

ಡಿಸೆಂಬರ್ ಬಂತೆಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆಯ ಓಡಾಟ ಜೋರಾಗುತ್ತದೆ. ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಹಂಚುತ್ತಾರೆ, ಜ್ವರ ಬಂದವರ ರಕ್ತವನ್ನು ಪರೀಕ್ಷೆಗೆ ಕಳಿಸುತ್ತಾರೆ, ಮಂಗ ಸತ್ತುಬಿದ್ದ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಹಾಕುತ್ತಾರೆ. ಇದೆಲ್ಲ ಬೇಕೇಬೇಕು, ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರ ಶ್ರಮವೂ ಸಣ್ಣದಲ್ಲ. ಆದರೆ ಮಂಗನ ಕಾಯಿಲೆಯನ್ನು ಹರಡುವ ಉಣುಗು ಡಿಸೆಂಬರಿಗಾಗಿ ಕಾಯುತ್ತ ಕೂರುವುದಿಲ್ಲ. ಅದರ ಸಂತಾನ ಬೆಳೆಯುವುದು ಮಳೆಗಾಲದಲ್ಲಿ, ಬಹುಮಟ್ಟಿಗೆ ನಮ್ಮ ದನಗಳ ಮೈಮೇಲೆ. ಹಾಗಾಗಿ ಈ ಕಾಯಿಲೆಯ ತಡೆ ಜೂನ್ ತಿಂಗಳಲ್ಲಿ, ಕೊಟ್ಟಿಗೆಯಲ್ಲಿ, ಪಶುವೈದ್ಯರ ಕೈಯಿಂದ ಶುರುವಾಗಬೇಕು ಎಂಬುದು ನನ್ನ ವಾದ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಹೊಸ ವೈರಸ್ಸನ್ನು ಗುರುತಿಸಿದರು. ಅದನ್ನು ಹೊತ್ತು ತಿರುಗುವ ಮುಖ್ಯ ಉಣುಗು ಹೀಮೋಫೈಸಾಲಿಸ್ ಸ್ಪಿನಿಜೆರಾ. ಇದು ತನ್ನ ಬಾಳಿನಲ್ಲಿ ಮೂರು ಸಲ ರಕ್ತ ಹೀರುತ್ತದೆ, ಮೂರು ಸಲವೂ ಬೇರೆಬೇರೆ ಪ್ರಾಣಿಯಿಂದ. ಮೊಟ್ಟೆಯೊಡೆದು ಬಂದ ಮರಿಗಳು ಮಳೆಗಾಲ ಮುಗಿದ ಮೇಲೆ ಇಲಿ, ಅಳಿಲು, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಅವು ಉದುರಿ ಪೊರೆ ಕಳಚಿ, ಗಸಗಸೆ ಕಾಳಿನಷ್ಟಿರುವ ಎರಡನೇ ಹಂತದ ಉಣುಗಾಗುತ್ತವೆ. ನವೆಂಬರಿನಿಂದ ಮೇವರೆಗೆ ತರಗೆಲೆಯ ನಡುವಿನಿಂದ ಮನುಷ್ಯರ ಕಾಲಿಗೆ ಹತ್ತಿ ಕಚ್ಚುವುದು ಮುಖ್ಯವಾಗಿ ಇವೇ. ಬಲಿತ ಉಣುಗು ಮನುಷ್ಯನ ಗೊಡವೆಗೆ ಬರುವುದು ಕಡಿಮೆ. ಅದಕ್ಕೆ ಬೇಕಾದದ್ದು ದೊಡ್ಡ ಪ್ರಾಣಿ: ಹಸು, ಎಮ್ಮೆ, ಕಡವೆ, ಕಾಟಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿವಿಯ ಒಳಮಗ್ಗುಲು, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡದಲ್ಲಿ ಕಚ್ಚಿಕೊಂಡು, ಹೊಟ್ಟೆ ಬಿರಿಯುವಷ್ಟು ರಕ್ತ ಕುಡಿದ ಹೆಣ್ಣು ಉಣುಗು ಎಲ್ಲಿ ಉದುರುತ್ತದೋ ಅಲ್ಲೇ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಡಿಸೆಂಬರಿನಲ್ಲಿ ದರಗು ಗುಡಿಸಲು ಹೋದವರನ್ನು ಕಚ್ಚುವುದು ಆ ಮೊಟ್ಟೆಗಳ ಸಂತಾನ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಉಣುಗಿಗೆ ದಾಟಿಸುವಷ್ಟು ವೈರಸ್ಸೂ ಅದರ ರಕ್ತದಲ್ಲಿ ಬೆಳೆಯುವುದಿಲ್ಲ. ವೈರಸ್ ಹೆಚ್ಚುವುದು ಮುಸಿಯ, ಮಂಗ, ಸಣ್ಣಪುಟ್ಟ ಕಾಡುಪ್ರಾಣಿಗಳಲ್ಲಿ. ದನ ಹೆಚ್ಚಿಸುವುದು ಉಣುಗಿನ ಸಂಖ್ಯೆಯನ್ನು. ಮಂಗದ ಹೆಣದ ಸುತ್ತಲೇ ಗಮನವಿಟ್ಟ ನಮ್ಮ ವ್ಯವಸ್ಥೆಗೆ ಈ ವ್ಯತ್ಯಾಸ ಕಾಣದೇ ಹೋಗಿದೆ. ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ವಿವರಿಸಿದ್ದರು: ಕಾಡು ಕಡಿದು ಊರು ಬೆಳೆಸಿದೆವು, ಕಾಡಂಚಿನಲ್ಲಿ ದನ ಮೇಯಿಸಿದೆವು, ಮೊದಲು ಅಷ್ಟಕ್ಕಷ್ಟೇ ಇದ್ದ ಉಣುಗಿಗೆ ಅಲ್ಲಿ ಸಮೃದ್ಧ ಆಹಾರ ಸಿಕ್ಕಿತು. 1980ರ ದಶಕದ ಮೊದಲ ಭಾಗದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಸವರಿದ ಬೆನ್ನಿಗೇ ಈ ಕಾಯಿಲೆ ಎಂದೂ ಇಲ್ಲದಷ್ಟು ಭೀಕರವಾಗಿ ಎದ್ದಿತ್ತು. 2020ರಲ್ಲಿ ಪ್ರಕಟವಾದ ಭಾರತ ಮತ್ತು ಬ್ರಿಟನ್ ವಿಜ್ಞಾನಿಗಳ ಜಂಟಿ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಬೆರೆತು, ನಾಟಿ ದನ ಹೆಚ್ಚಿರುವ ಕಡೆ ಕಾಯಿಲೆಯ ಸಾಧ್ಯತೆ ಹೆಚ್ಚು.

ಹಾಗಾದರೆ ದನವನ್ನು ಕಾಡಿಗೆ ಬಿಡದಿದ್ದರಾಯಿತಲ್ಲ ಎನ್ನುವವರಿದ್ದಾರೆ. ಮಲೆನಾಡು ಗಿಡ್ಡ ತಳಿ ಬದುಕಿರುವುದೇ ಕಾಡು, ಬ್ಯಾಣಗಳ ಮೇವಿನಿಂದ. ತುಂಡು ಜಮೀನಿನ ರೈತನಿಗೆ ವರ್ಷಪೂರ್ತಿ ಹುಲ್ಲು ಕೊಂಡು ಹಾಕುವ ಶಕ್ತಿ ಇಲ್ಲ. ಇನ್ನು ಕಟ್ಟಿ ಸಾಕಿದ ದನಕ್ಕೂ ಹಾಸಲು ಕಾಡಿನ ಸೊಪ್ಪು, ದರಗು ಬೇಕು; ಅದರ ಜೊತೆ ಉಣುಗೂ ಕೊಟ್ಟಿಗೆ ಸೇರುತ್ತದೆ. ನಿಷೇಧದ ಆದೇಶ ಬಡವರ ಮೇಲೆ ದಂಡ ಹಾಕಲಷ್ಟೇ ಉಪಯೋಗವಾದೀತು.

ಕಡವೆ, ಕಾಟಿಗಳಿಗೆ ಯಾರು ಔಷಧ ಹೊಡೆಯುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ದಟ್ಟ ಕಾಡಿನೊಳಗೆ ಉಣುಗು ಇದ್ದೇ ಇರುತ್ತದೆ, ಅದನ್ನು ಅಳಿಸಲು ಹೊರಡುವುದೂ ತಪ್ಪು. ಜನ ಸೌದೆಗೆ, ಸೊಪ್ಪಿಗೆ, ಅಡಿಕೆ ತೋಟಕ್ಕೆ ದಿನಾ ನಡೆಯುವ ಜಾಗಗಳೇ ಬೇರೆ. ಅಲ್ಲಿ ಕಾಟಿಗಿಂತ ಹೆಚ್ಚು ಓಡಾಡುವುದು ಊರಿನ ದನ. ಆ ದನದ ಮೈಮೇಲೆ ಸತ್ತ ಒಂದೊಂದು ಹೆಣ್ಣು ಉಣುಗಿನ ಲೆಕ್ಕದಲ್ಲಿ ಸಾವಿರಾರು ಮರಿಗಳು ಆ ದಾರಿಯಲ್ಲಿ ಹುಟ್ಟುವುದಿಲ್ಲ. ಇದರಿಂದ ಕಾಯಿಲೆ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ. ಕಚ್ಚಿಸಿಕೊಳ್ಳುವ ಸಾಧ್ಯತೆ ತಗ್ಗುತ್ತದೆ, ಜೀವ ಉಳಿಸಲು ಅದೂ ಸಣ್ಣ ಮಾತಲ್ಲ. ಲಸಿಕೆಯ ಮೇಲೆ ಭಾರ ಹಾಕಿ ಕೂತದ್ದರ ಫಲ ಕಂಡಿದ್ದೇವೆ. ಹಳೆಯ ಲಸಿಕೆಯನ್ನು ಎರಡು ಸಲ ಹಾಕಿಸಿಕೊಂಡವರಲ್ಲಿ ಅದರ ಪರಿಣಾಮ ಶೇ. 62ರ ಆಸುಪಾಸು, ಮತ್ತೆಮತ್ತೆ ಬೂಸ್ಟರ್ ಬೇಕು. 2022ರ ಹೊತ್ತಿಗೆ ಅದೂ ನಿಂತುಹೋಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ, ಅದು ಬೇಗ ಬರಲಿ. ಬಂದರೂ ಉಣುಗು ಇರುವಲ್ಲೇ ಇರುತ್ತದೆ.

ಮಲೆನಾಡಿನ ಮಳೆಯಲ್ಲಿ ಮೈಮೇಲೆ ಸಿಂಪಡಿಸಿದ ಔಷಧ ತೊಳೆದುಹೋಗುತ್ತದೆ ಎಂಬುದು ರೈತರೇ ಎತ್ತುವ ಪ್ರಶ್ನೆ, ನಿಜವಾದ ಪ್ರಶ್ನೆ. ಸಂಜೆ ದನ ಕೊಟ್ಟಿಗೆ ಸೇರಿ ಮೈ ಒಣಗಿದ ಮೇಲೆ ಬೆನ್ನಿನುದ್ದಕ್ಕೂ ಸುರಿಯುವ ಔಷಧವಿದೆ. ಹಾಲು ಕರೆಯದ ಹಸು, ಕಡಸುಗಳಿಗೆ ಐವರ್‌ಮೆಕ್ಟಿನ್ ಚುಚ್ಚುಮದ್ದಿದೆ. ಯಾವುದನ್ನು ಯಾರಿಗೆ, ಎಷ್ಟು ಎಂದು ಪಶುವೈದ್ಯರೇ ನಿರ್ಧರಿಸಬೇಕು. ಅಂಗಡಿಯಿಂದ ತಂದ ಡೆಲ್ಟಾಮೆಥ್ರಿನ್ನನ್ನು ಅಂದಾಜಿನಲ್ಲಿ ಕಲಸಿ ಹೊಡೆದ ಕಡೆಗಳಲ್ಲಿ ದನದ ಸಾಮಾನ್ಯ ಉಣುಗು ಈಗ ಆ ಔಷಧಕ್ಕೆ ಜಗ್ಗುತ್ತಿಲ್ಲ. ಆ ಉಣುಗಿನಿಂದಲೇ ಕೆಂಪು ಮೂತ್ರದ ರೋಗ ಬರುತ್ತದೆ. ಇನ್ನೊಂದು ಜಾತಿಯದು ಥೈಲೀರಿಯಾ ತಂದು, ಸಾಲ ಮಾಡಿ ಕೊಂಡ ಮಿಶ್ರತಳಿ ಹಸುವನ್ನು ಕೆಲವೇ ದಿನಗಳಲ್ಲಿ ಮಲಗಿಸುತ್ತದೆ. ಹೀಗಾಗಿ ಮಂಗನ ಕಾಯಿಲೆಯ ಹೆಸರೆತ್ತದೆಯೂ ರೈತನಿಗೆ ಈ ಕೆಲಸದಲ್ಲಿ ಲಾಭವಿದೆ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಕಾಲುಬಾಯಿ ರೋಗದ ಲಸಿಕೆಗೆಂದು ವರ್ಷಕ್ಕೆ ಎರಡು ಸುತ್ತು ಪಶುಪಾಲನಾ ಸಿಬ್ಬಂದಿ ಮನೆಮನೆಗೆ ಬರುತ್ತಾರೆ, ದನಗಳ ಕಿವಿಯಲ್ಲಿ ಓಲೆ ಇದೆ, ಲೆಕ್ಕ ಬರೆದಿಟ್ಟಿದೆ. ಸಾಗರದ ಅರಲಗೋಡಿನಂತೆ ಹಿಂದೆ ಸಾವು ಕಂಡ ಪಂಚಾಯಿತಿಗಳನ್ನು ಮೊದಲು ಆರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಣುಗಿನ ಔಷಧವನ್ನು ಸರ್ಕಾರದ ಖರ್ಚಿನಲ್ಲಿ ಕೊಡಲಿ. ಅದರ ಹಣ ಆರೋಗ್ಯ ಇಲಾಖೆಯ ಮಂಗನ ಕಾಯಿಲೆಯ ಬಾಬ್ತಿನಿಂದಲೇ ಹೋಗಲಿ, ಡಿಸೆಂಬರಿನಲ್ಲಿ ಜ್ವರದ ವಾರ್ಡಿಗೆ ಹಾಸಿಗೆ ಹೊಂದಿಸಬೇಕಾದದ್ದು ಅದೇ ಇಲಾಖೆ.