ಕಾರ್ಡ್ ಹೋಗಿದೆ ಅನ್ನೋ ಮುಂಚೆ

ಆಫೀಸ್ ಕೆಲಸ ಮುಗಿಸಿ ಗೇಮ್ ಹಾಕ್ತೀರಿ, ಹದಿನೈದು ನಿಮಿಷಕ್ಕೆ ಸ್ಕ್ರೀನ್ ಕಪ್ಪು. ಇಲ್ಲಾಂದ್ರೆ ಗೆಳೆಯನ ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸಾಫ್ಟ್‌ವೇರೇ ಮಾಯ. ಅಂಗಡಿಗೆ ಫೋನ್ ಮಾಡಿದರೆ ಉತ್ತರ ಸಿದ್ಧವಾಗಿರುತ್ತೆ: "ಕಾರ್ಡ್ ಹೋಗಿದೆ ಸರ್, ಹೊಸದು ಹಾಕ್ಸಿ." ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಹಲವರಿಗೆ ಒಂದು ತಿಂಗಳ ಸಂಬಳ. ಅದನ್ನು ಕೊಡುವ ಮುಂಚೆ ಒಂದು ಶನಿವಾರ ಮಧ್ಯಾಹ್ನ ಎತ್ತಿಡಿ.

ಮೊದಲು ನೋಡಬೇಕಾದ್ದು, ಕಂಪ್ಯೂಟರ್ ಹೇಗೆ ಕೈಕೊಡ್ತಿದೆ ಅನ್ನೋದು. ಕಾರ್ಡ್ 2 ಸೆಕೆಂಡ್‌ವರೆಗೆ ಉತ್ತರಿಸದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ರೀಸೆಟ್ ಮಾಡುತ್ತದೆ. ಸ್ಕ್ರೀನ್ ಕಪ್ಪಾಗಿ ಮತ್ತೆ ಬರೋದು ಅದಕ್ಕೇ. ಈವೆಂಟ್ ವ್ಯೂವರ್ ತೆರೆದರೆ 4101 ಎಂಬ ಸಂಖ್ಯೆ ಸಿಗಬಹುದು. ಹಾಗಿದ್ದರೆ ಡ್ರೈವರ್‌ನಿಂದ ಶುರು ಮಾಡಿ. ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯದನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕಿ. ತೊಂದರೆ ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಹಿಂದಿನ ಆವೃತ್ತಿಯೇ ವಾಸಿ.

ಕರೆಂಟ್ ಹೋದ ಹಾಗೆ ಇಡೀ ಕಂಪ್ಯೂಟರೇ ಆಫ್ ಆಗ್ತಿದ್ದರೆ ಕಥೆ ಬೇರೆ. ಆಗ 41 ಎಂಬ ಸಂಖ್ಯೆ ಇರುತ್ತದೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದರ ಅರ್ಥ, ಕಾರಣ ಅದು ಹೇಳುವುದಿಲ್ಲ. ನನ್ನ ಅನುಮಾನ ಮಾತ್ರ ಮೊದಲು ಎಸ್‌ಎಂಪಿಎಸ್ ಮೇಲೆ. ಕಾರ್ಡ್‌ಗೆ ದುಡ್ಡು ಸುರಿದು ಎಸ್‌ಎಂಪಿಎಸ್‌ನಲ್ಲಿ ಉಳಿಸೋದು ಮನೆ ಕಟ್ಟಿ ವೈರಿಂಗ್‌ಗೆ ಚೌಕಾಸಿ ಮಾಡಿದ ಹಾಗೆ. ಲೆಕ್ಕ ಸರಳ: ಮದರ್‌ಬೋರ್ಡ್ ಸ್ಲಾಟ್ ಕೊಡೋದು 75 ವಾಟ್, 6 ಪಿನ್ ಕನೆಕ್ಟರ್ ಇನ್ನೊಂದು 75, 8 ಪಿನ್ ಆದರೆ 150. ಜೊತೆಗೆ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಬಾಕ್ಸ್ ಮೇಲೆ ಬರೆದದ್ದಕ್ಕಿಂತ ಹೆಚ್ಚು ಎಳೆಯುತ್ತವೆ. ಕಾರ್ಡ್‌ನಲ್ಲಿ ಎರಡು 8 ಪಿನ್ ಜಾಗ ಇದ್ದರೆ ಒಂದೇ ಕೇಬಲ್‌ನ ಎರಡು ತಲೆ ಚುಚ್ಚಬೇಡಿ. ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ, ಖರ್ಚು ಸೊನ್ನೆ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ಟನ್ನು ಶೇಕಡ 80ಕ್ಕೆ ಇಳಿಸಿ ಅದೇ ಗೇಮ್ ಆಡಿ. ಕ್ರ್ಯಾಶ್ ನಿಂತರೆ ಸಮಸ್ಯೆ ಕರೆಂಟ್‌ನದೋ ಬಿಸಿಯದೋ ಇರುವ ಸಾಧ್ಯತೆ ಜಾಸ್ತಿ. ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದಿಟ್ಟು ಆಡಿದಾಗಲೂ ನಿಂತರೆ ಅದು ಬಿಸಿಯೇ. ಧೂಳು ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಜೋರಾಗಿ ತಿರುಗಲು ಬಿಡಬೇಡಿ.

ಕಾರ್ಡ್‌ದು ತಪ್ಪೇ ಇಲ್ಲದಿರಬಹುದು ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು. ಗೇಮ್‌ಗಳು "ವಿಡಿಯೋ ಮೆಮೊರಿ ಸಾಲುತ್ತಿಲ್ಲ" ಅಂತ ಹೇಳಿ ಮುಚ್ಚಿಕೊಳ್ಳುತ್ತಿದ್ದವು. ಜನ ಕಾರ್ಡನ್ನೇ ಬೈದರು. ಕೊನೆಗೆ ನೋಡಿದರೆ ಪ್ರೊಸೆಸರ್‌ಗೆ ಅತಿಯಾದ ವೋಲ್ಟೇಜ್ ಹೋಗುತ್ತಿತ್ತು. 2024ರ ಆಗಸ್ಟ್‌ನಲ್ಲಿ ಇಂಟೆಲ್ ಅದಕ್ಕೆ ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ನಿಮ್ಮಲ್ಲಿ ಆ ಪ್ರೊಸೆಸರ್ ಇದ್ದರೆ ಬಯಾಸ್ ಅಪ್‌ಡೇಟ್ ಮಾಡಿಯೇ ಮುಂದುವರಿಯಿರಿ. ರ್‍ಯಾಮ್‌ನ ಎಕ್ಸ್‌ಎಂಪಿ ಕೂಡ ಒಮ್ಮೆ ಆಫ್ ಮಾಡಿ ನೋಡಿ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ.

ವಿಂಡೋಸ್ ಶುರುವಾಗುವ ಮುಂಚೆಯೇ, ಬಯಾಸ್ ಪರದೆಯಲ್ಲೇ ಬಣ್ಣಬಣ್ಣದ ಚೌಕ, ಗೆರೆ ಕಾಣುತ್ತಿದ್ದರೆ? ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿ ನೋಡಿ. ಗೆಳೆಯರ ಕಂಪ್ಯೂಟರ್‌ನಲ್ಲೂ ಅದೇ ಆದರೆ ಅಂಗಡಿಯವರು ಹೇಳಿದ್ದು ನಿಜ. ಬಿಲ್ ಹುಡುಕಿ, ಸೀರಿಯಲ್ ನಂಬರ್ ಫೋಟೋ ತೆಗೆದು, ವಾರಂಟಿಗೆ ಕೊಡಿ. ಅಲ್ಲಿಯವರೆಗೆ ಸ್ಕ್ರೂ ಮೇಲಿನ ಸೀಲ್ ಮುಟ್ಟಬೇಡಿ. ವಿಡಿಯೋ ನೋಡಿ ಕಾರ್ಡನ್ನು ಓವನ್‌ನಲ್ಲಿ ಬೇಯಿಸೋ ಸಾಹಸವಂತೂ ಬೇಡವೇ ಬೇಡ, ಅದೇ ಓವನ್‌ನಲ್ಲಿ ಅಮ್ಮ ಕೇಕ್ ಮಾಡ್ತಾರೆ.